ಫೈವ್ ಇಯರ್–ತ್ರೀ ಇಯರ್ ಜಗಳ ಪಹಣಿಯಿಂದ ಬಗೆಹರಿದ ಬಗೆ

ಈ ಸಲ ನಮ್ಮ ಕಾಲೇಜಿನಲ್ಲಿ ಒಂದೇ ಫ್ರೆಶರ್ಸ್ ಡೇ ಆಯಿತು. ಮೈಸೂರಿನಲ್ಲಿ ಲಾ ಪಾಠ ಮಾಡುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ಐದು ವರ್ಷದ ಕೋರ್ಸಿನವರದ್ದೊಂದು, ಮೂರು ವರ್ಷದವರದ್ದೊಂದು ಅಂತ ಎರಡೆರಡು ನಡೆಯುತ್ತಿದ್ದ ಜಾಗ ಇದು. "ಇವರನ್ನ ಒಟ್ಟಿಗೆ ಕೂರಿಸೋದು ಯಾರಿಂದಲೂ ಆಗಲ್ಲ, ಬಿಡಿ ಮೇಡಂ" ಅಂದಿದ್ದ ಸಹೋದ್ಯೋಗಿಗಳೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಜಗಳದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ನಿಮ್ಮಲ್ಲೂ ಇರುತ್ತದೆ. ಪಿಯುಸಿ ಮುಗಿಸಿ ಬಂದ ಮಕ್ಕಳಿಗೆ ಮೂಟ್ (ಅಣಕು ನ್ಯಾಯಾಲಯ) ಸೊಸೈಟಿ, ಫೆಸ್ಟ್ ಎಲ್ಲ ತಮ್ಮದೇ ಅನ್ನೋ ಭಾವನೆ. ಇಂಗ್ಲಿಷ್ ಸಲೀಸು. ಡಿಗ್ರಿ ಮುಗಿಸಿ ಬಂದವರಲ್ಲಿ ಮಂಡ್ಯ, ಮದ್ದೂರಿನಿಂದ ದಿನಾ ರೈಲಲ್ಲಿ ಬರುವವರಿದ್ದಾರೆ. ವಕೀಲರ ಆಫೀಸಿನಲ್ಲಿ ಕೆಲಸಕ್ಕಿರುವವರು, ಮದುವೆಯಾಗಿ ಮಕ್ಕಳಿರುವವರೂ ಇದ್ದಾರೆ. ಬಹಳ ಜನ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುತ್ತಾರೆ. ಇವರು ಅವರನ್ನು "ಅಂಕಲ್ ಬ್ಯಾಚ್" ಅನ್ನುತ್ತಿದ್ದರು, ಅವರು ಇವರನ್ನು "ಚಿಳ್ಳೆಗಳು" ಅನ್ನುತ್ತಿದ್ದರು. ಕ್ಯಾಂಟೀನಿನಲ್ಲಿ ಮೇಜು ಬೇರೆ, ವಾಟ್ಸಾಪ್ ಗ್ರೂಪ್ ಬೇರೆ. ಒಂದು ವರ್ಷ ರಾಜ್ಯೋತ್ಸವಕ್ಕೆ ಭುವನೇಶ್ವರಿ ಫೋಟೋ ಯಾರು ಹೊರಬೇಕು ಅಂತಲೇ ಕಿತ್ತಾಡಿದರು.

ದುಡ್ಡಿನ ಕಡೆ ನೋಡಿ. ಎರಡು ಫ್ರೆಶರ್ಸ್ ಡೇ ಅಂದರೆ ಶಾಮಿಯಾನ ಎರಡು ಸಲ, ಸೌಂಡ್ ಸಿಸ್ಟಮ್ ಎರಡು ಸಲ, ಊಟ ಎರಡು ಸಲ. ನನ್ನ ನೆನಪಿನ ಪ್ರಕಾರ ಒಂದೊಂದಕ್ಕೆ 45ರಿಂದ 50 ಸಾವಿರ. ತಲೆಗೆ 400, 500 ವಸೂಲಿ. ಅವರು ಅಷ್ಟು ಹಾಕಿದರು ಅಂತ ಇವರು ಇನ್ನೂರು ಜಾಸ್ತಿ ಹಾಕೋದು. ಕೊಡಲಾಗದ ಮಕ್ಕಳು ಆ ದಿನ ಕಾಲೇಜಿಗೇ ಬರುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿದ್ದದ್ದು ಇದಕ್ಕೆ.

ಮೊದಲು ನಮ್ಮ ವಿಭಾಗದಲ್ಲಿ ಸೇರಿ ಹೋಳಿಗೆ ಊಟ ಹಾಕಿಸಿದೆವು. ಹದಿನೆಂಟೋ ಇಪ್ಪತ್ತೋ ಸಾವಿರ ಖರ್ಚಾಯಿತು. ಫೈವ್ ಇಯರ್‌ನವರು ಒಂದು ಪಂಕ್ತಿ, ತ್ರೀ ಇಯರ್‌ನವರು ಇನ್ನೊಂದು ಪಂಕ್ತಿ ಕೂತು ಉಂಡು ಎದ್ದು ಹೋದರು. ಆಮೇಲೆ ಎರಡೂ ಕಡೆಯವರನ್ನು ಬೆರೆಸಿ ಕ್ರಿಕೆಟ್ ಆಡಿಸಿದೆವು. ಒಂದು ರನ್ ಔಟ್‌ಗೆ ಶುರುವಾದ ಮಾತು ಗೇಟಿನ ಹೊರಗೆ ಕೈ ಕೈ ಮಿಲಾಯಿಸುವ ತನಕ ಹೋಯಿತು. ಮುಂದಿನ ವರ್ಷ ಸಮಿತಿಯಲ್ಲಿ ಅರ್ಧ ಸೀಟು ಅವರಿಗೆ, ಅರ್ಧ ಇವರಿಗೆ ಅಂತ ಹಂಚಿದೆವು. ಅದು ಇನ್ನೂ ಕೆಟ್ಟದಾಯಿತು. ಎತ್ತು ಏರಿಗೆ, ಕೋಣ ನೀರಿಗೆ. ಬ್ಯಾನರಿನ ಬಣ್ಣ ತೀರ್ಮಾನ ಆಗೋದಕ್ಕೇ ಮೂರ್ನಾಲ್ಕು ಮೀಟಿಂಗ್ ಬೇಕಾಯಿತು.

ಇಷ್ಟಾದ ಮೇಲೆ ನಾನು ಸ್ನೇಹ ಮಾಡಿಸುವ ಆಸೆ ಬಿಟ್ಟೆ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಅಂಕ ಸಿಗದ ಹಾಗೆ ಮಾಡಿದರೆ ಹೇಗೆ ಅಂತ ಯೋಚಿಸಿದೆ.

ದಾರಿ ಸಿಲಬಸ್‌ನಲ್ಲೇ ಇತ್ತು. ಲಾ ಶಿಕ್ಷಣಕ್ಕೆ ನಿಯಮ ಮಾಡುವ ಬಾರ್ ಕೌನ್ಸಿಲ್‌ನ 2008ರ ನಿಯಮಗಳಲ್ಲಿ ಒಂದು ಮೂಟ್ ಪೇಪರ್ ಇದೆ. ಮೂರು ಮೂಟ್‌ಗೆ ತಲಾ 10, ಅದರಲ್ಲಿ 5 ಬರವಣಿಗೆಗೆ, 5 ವಾದಕ್ಕೆ. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ಬರೆದರೆ 30. ಕಕ್ಷಿದಾರರ ಸಂದರ್ಶನ, ಕೇಸಿನ ತಯಾರಿಗೆ 30. ವೈವಾಗೆ (ಮೌಖಿಕ ಪರೀಕ್ಷೆಗೆ) 10. ಎರಡೂ ಕೋರ್ಸಿನ ಕೊನೆಯ ವರ್ಷದವರಿಗೆ ಇದು ತಪ್ಪಿದ್ದಲ್ಲ. ನಾನು ಮಾಡಿದ್ದು ಇಷ್ಟೇ: ಫೈವ್ ಇಯರ್‌ನ ಒಬ್ಬರಿಗೆ ತ್ರೀ ಇಯರ್‌ನ ಒಬ್ಬರು ಜೋಡಿ. ಅಂಕ ಅವರವರಿಗೇ, ಕೇಸಿನ ಕಡತ ಮಾತ್ರ ಒಂದೇ. ಮೆಮೋರಿಯಲ್ (ಲಿಖಿತ ವಾದ) ಇಂಗ್ಲಿಷ್‌ನಲ್ಲಿ, ಒಬ್ಬರ ವಾದ ಕಡ್ಡಾಯವಾಗಿ ಕನ್ನಡದಲ್ಲಿ. ಕೆಳಗಿನ ಕೋರ್ಟಿನಲ್ಲಿ ಸಾಕ್ಷಿ ಹೇಳಿಕೆ, ಮಹಜರು, ಪಹಣಿ (ಜಮೀನು ಯಾರದು, ಎಷ್ಟು ಅಂತ ಹೇಳುವ ಕಂದಾಯ ದಾಖಲೆ) ಎಲ್ಲ ಕನ್ನಡದಲ್ಲೇ ಇರುತ್ತವೆ. ಅದನ್ನು ಓದಲು ಬರದಿದ್ದರೆ ಎಂಥ ಇಂಗ್ಲಿಷ್ ಇದ್ದೂ ಏನು ಪ್ರಯೋಜನ?

ಮೊದಲ ತಿಂಗಳು ಬರೀ ದೂರು. "ಮೇಡಂ, ಅವರು ಟೈಪ್ ಮಾಡಲ್ಲ." "ಮೇಡಂ, ಅವಳು ಕೋರ್ಟಿಗೇ ಬರಲ್ಲ." ಜೋಡಿ ಬದಲಿಸಿ ಅಂತ ಪೋಷಕರಿಂದಲೂ ಫೋನ್ ಬಂತು. ನಾನು ಒಂದು ಜೋಡಿಯನ್ನೂ ಬದಲಿಸಲಿಲ್ಲ.

ತಿರುವು ಸಿಕ್ಕಿದ್ದು ಒಂದು ಪಹಣಿಯಲ್ಲಿ. ಹಳೆಯ ಕೇಸಿನ ಜೆರಾಕ್ಸ್ ತೆಗೆದು, ಹೆಸರು ಅಳಿಸಿ ಕೊಟ್ಟಿದ್ದೆ. ವಿಸ್ತೀರ್ಣದ ಕಲಂನಲ್ಲಿ 2.15.00 ಅಂತಿತ್ತು. ಒಂದು ಜೋಡಿಯ ಫೈವ್ ಇಯರ್‌ನ ಹುಡುಗಿ ದಾವಾ ಪತ್ರದಲ್ಲಿ 2.15 ಎಕರೆ ಅಂತ ಬರೆದಳು. ಜೊತೆಗಾರ ಪಾಂಡವಪುರದ ಕಡೆಯವನು, ವಕೀಲರ ಆಫೀಸಿನಲ್ಲಿ ಕೆಲಸ ಮಾಡಿದವನು. "ಅದು ಪಾಯಿಂಟ್ ಅಲ್ಲ ಕಣಮ್ಮ. ಎರಡು ಎಕರೆ ಹದಿನೈದು ಗುಂಟೆ. ಎಕರೆಗೆ ನಲವತ್ತು ಗುಂಟೆ" ಅಂದ. ಅವಳು ಅಲ್ಲೇ ಲೆಕ್ಕ ಹಾಕಿದಳು. ಅವಳು ಬರೆದಂತೆ ಆದರೆ ಬರೀ ಎರಡು ಎಕರೆ ಆರು ಗುಂಟೆ. ಕಕ್ಷಿದಾರನ ಒಂಬತ್ತು ಗುಂಟೆ ದಾವಾ ಪತ್ರದಲ್ಲೇ ಕೈ ಬಿಡುತ್ತಿತ್ತು. ಆಮೇಲೆ ಅವನು ಒಂದೊಂದೇ ಕಲಂ ತೋರಿಸಿದ. 9ರಲ್ಲಿ ಸ್ವಾಧೀನದಾರರ ಹೆಸರು, 11ರಲ್ಲಿ ಸಾಲ, ಋಣ, 12ರಲ್ಲಿ ಸಾಗುವಳಿ ಯಾರದು, ಬೆಳೆ ಯಾವುದು.

ಆದರೆ ಅವನು ಪಹಣಿಯೇ ಕೊನೆ ಮಾತು ಅಂದುಕೊಂಡಿದ್ದ. ಆಗ ಪಾಠ ಹೇಳುವ ಸರದಿ ಅವಳದ್ದು. ಭೂಕಂದಾಯ ಕಾಯ್ದೆ 1964ರ 133ನೇ ಸೆಕ್ಷನ್ ತೆಗೆದು, ಆ ನಮೂದು ಸುಳ್ಳು ಅಂತ ತೋರಿಸುವ ತನಕ ಮಾತ್ರ ನಿಜ, ಅದರಿಂದಲೇ ಮಾಲೀಕತ್ವ ಬರಲ್ಲ ಅಂತ ತೀರ್ಪುಗಳನ್ನು ಹುಡುಕಿ ಮುಂದಿಟ್ಟಳು. ಆವತ್ತು ಸಂಜೆ ಅವನು ರೈಲು ತಪ್ಪಿಸಿಕೊಂಡು ಲೈಬ್ರರಿಯಲ್ಲೇ ಕೂತಿದ್ದ. ವಾರದೊಳಗೆ ಬೇರೆ ಜೋಡಿಗಳೂ ಇವರ ಹತ್ತಿರ ಪಹಣಿ ಹಿಡಿದು ಬರತೊಡಗಿದವು.

ಇದರ ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಎರಡನೇ ಮೂಟ್‌ಗೆ ಕಾವೇರಿ ವಿವಾದ ಇಟ್ಟೆ. 2007ರ ನ್ಯಾಯಮಂಡಳಿ ತೀರ್ಪಿನಲ್ಲಿ ನಮಗೆ 270 ಟಿಎಂಸಿ, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 14.75 ಸೇರಿಸಿ 284.75 ಮಾಡಿತು. ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ತಮಿಳುನಾಡಿನ ಪರ ನಿಲ್ಲಲು ಒಬ್ಬರೂ ತಯಾರಿಲ್ಲ! ಎರಡೂ ಗುಂಪು ಮೊದಲ ಬಾರಿಗೆ ಒಟ್ಟಾಗಿ ನನ್ನ ಕೋಣೆಗೆ ಬಂದವು. "ಮೇಡಂ, ಊರಿಗೆ ಹೋಗಿ ಮುಖ ತೋರಿಸೋದು ಹೇಗೆ?" ಅಂತ ಕೆ.ಆರ್. ಪೇಟೆಯ ಹುಡುಗ ನಿಜವಾಗಿ ಕೇಳಿದ. ಎರಡೂ ಕಡೆಯ ಅತಿ ಜೋರಿನವರನ್ನೇ ಆರಿಸಿ ತಮಿಳುನಾಡಿನ ಪರ ಹಾಕಿದೆ. ಮೈಸೂರು, ಮದ್ರಾಸ್ ನಡುವಿನ 1892, 1924ರ ಒಪ್ಪಂದಗಳನ್ನು ಅವರು ಓದಿದಷ್ಟು ಚೆನ್ನಾಗಿ ಕರ್ನಾಟಕದ ಪರದವರು ಓದಿರಲಿಲ್ಲ. ಅವತ್ತಿನಿಂದ ಪೈಪೋಟಿ ಅರ್ಜಿದಾರರಿಗೂ ಪ್ರತಿವಾದಿಗಳಿಗೂ ನಡುವೆ ನಡೆಯಿತು. ಪೈಪೋಟಿ ಕಮ್ಮಿ ಏನೂ ಆಗಲಿಲ್ಲ. ಆಗುವುದು ನನಗೆ ಬೇಕಾಗಿಯೂ ಇರಲಿಲ್ಲ.

ಕಕ್ಷಿದಾರರ ಸಂದರ್ಶನಕ್ಕೆ ಶ್ರೀರಂಗಪಟ್ಟಣದ ಕಡೆಯ ರೈತರನ್ನೇ ಕರೆಸಿ ನೋಡಿದೆ. ಹೋಗಿ ಬರುವ ಖರ್ಚು, ಊಟ ಸೇರಿ ಮೂರು ಸಾವಿರದ ಹತ್ತಿರ ಆಯಿತು. ಚೆನ್ನಾಗಿತ್ತು, ಆದರೆ ನಾಟಿ ಸಮಯದಲ್ಲಿ ಯಾರೂ ಬರಲ್ಲ. ಸದ್ಯಕ್ಕೆ ನಿಲ್ಲಿಸಿದ್ದೇನೆ.

ಖರ್ಚಿನ ಬಗ್ಗೆ ಕೇಳುವವರಿಗೆ: ಬಣ್ಣದ ಕವರ್, ದಪ್ಪ ಹಾಳೆ ಎಲ್ಲ ಬಂದ್ ಮಾಡಿಸಿದೆ. ಒಂದು ತಂಡಕ್ಕೆ ಸಾವಿರದೈನೂರು ಆಗುತ್ತಿದ್ದ ಮೆಮೋರಿಯಲ್ ಈಗ ಐನೂರರೊಳಗೆ ಮುಗಿಯುತ್ತದೆ. ಒಂದೇ ಫ್ರೆಶರ್ಸ್ ಡೇಗೆ ಸುಮಾರು 55 ಸಾವಿರ ಆಯಿತು, ತಲೆಗೆ 150ರಂತೆ ವಸೂಲಿ ಆಯಿತು. ಉಳಿದದ್ದನ್ನು ಕಾಲೇಜೇ ಕೊಟ್ಟಿತು, ಜಗಳ ಇಲ್ಲದ್ದಕ್ಕೇ ಕೊಟ್ಟಿತು. ಬಾರದೆ ಉಳಿದವರು ಯಾರೂ ಇರಲಿಲ್ಲ.

ಯಾರಿಗೆ ಯಾರು ಜೋಡಿ ಅಂತ ಹೇಗೆ ಆರಿಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಚೀಟಿ ಎತ್ತಿಸುತ್ತೇನೆ ನಿಜ, ಚೀಟಿ ಎತ್ತುವ ಮುಂಚೆ ಒಂದು ಕೆಲಸ ಇದೆ. ಅದು ಹುಡುಗರಿಗೆ ತಿಳಿದರೆ ಮುಂದಿನ ವರ್ಷ ನಡೆಯಲ್ಲ.

ಮಾಡಿ ನೋಡುವವರು ತರಗತಿ ಶುರುವಾದ ಮೊದಲ ವಾರದಲ್ಲೇ ಜೋಡಿ ಹಾಕಿ. ಫ್ರೆಶರ್ಸ್ ಡೇ ಮುಗಿಯಲಿ ಅಂತ ಕಾದರೆ ಗುಂಪು ಕಟ್ಟಿಕೊಂಡಾಗಿರುತ್ತದೆ. ಪಹಣಿಯ ಜೆರಾಕ್ಸ್ ಸ್ಪಷ್ಟವಾಗಿರಲಿ, ಕಲಂ 11 ಖಾಲಿ ಇಲ್ಲದ್ದನ್ನೇ ಆರಿಸಿ.