20 ನಿಮಿಷದ ಎಲೆಕ್ಟ್ರಾನಿಕ್ ಸಂಗೀತ ಕೇಳಿ ಅಭಿಪ್ರಾಯ ಹೇಳುವುದು ಹೇಗೆ?

ಬಳ್ಳಾರಿ, ಕೊಪ್ಪಳ, ರಾಯಚೂರಿನ ಹುಡುಗ ಹುಡುಗಿಯರು ಈಗ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಸಂಗೀತ ಮಾಡುತ್ತಿದ್ದಾರೆ. ಜಾತ್ರೆ, ಮೆರವಣಿಗೆಗೆ ಬೇಕಾದ ಡಿಜೆ ರಿಮಿಕ್ಸ್ ಒಂದೇ ಅಂದುಕೊಳ್ಳಬೇಡಿ. ಜೀನ್ಸ್ ಹೊಲಿಯುವ ಮಷಿನ್ ಸದ್ದು, ಮೊಹರಂ ಹಲಗೆಯ ಬಡಿತ, ಅಕ್ಕಿ ಗಿರಣಿಯ ಗುಂಯ್ ಎನ್ನುವ ನಾದ ಎಲ್ಲ ರೆಕಾರ್ಡ್ ಮಾಡಿ, ಸಿಂಥ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಸರ್ ವಾದ್ಯ) ಜೊತೆ ಹೆಣೆದು 15-20 ನಿಮಿಷದ ಕೃತಿ ಕಟ್ಟುವವರಿದ್ದಾರೆ. ತಿಂಗಳುಗಟ್ಟಲೆ ಕೆಲಸ ಮಾಡಿ ಗೆಳೆಯರಿಗೆ ಕಳಿಸುತ್ತಾರೆ. ಬರುವ ಉತ್ತರ: “ಮಸ್ತ್ ಐತಿ ಬ್ರೋ, ಸ್ವಲ್ಪ ಉದ್ದ ಆತು.” ಎಲ್ಲಿ ಉದ್ದ ಆಯಿತು? ಯಾವುದು ಮಸ್ತ್ ಇತ್ತು? ಇದನ್ನು ಹೇಳದಿದ್ದರೆ ಮಾಡಿದವರ ಕೈಗೆ ಏನೂ ಸಿಗುವುದಿಲ್ಲ.

ಈ ಬಗೆಯ ಸಂಗೀತ ನಮ್ಮ ದೇಶಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಾದ ಎನ್‌ಐಡಿಯಲ್ಲಿ 1969ರಲ್ಲೇ ಮೂಗ್ ಸಿಂಥಸೈಸರ್ ಇಟ್ಟು ಸ್ಟುಡಿಯೋ ಶುರು ಮಾಡಿದ್ದರು. ಉದ್ದನೆಯದನ್ನು ಕೂತು ಕೇಳುವುದೂ ನಮ್ಮ ಕಡೆಯವರಿಗೆ ಗೊತ್ತು. ರಾತ್ರಿಯಿಡೀ ಬಯಲಾಟ ನೋಡುತ್ತೇವೆ, ಬೆಳಗಿನ ತನಕ ಭಜನೆಗೆ ಕೂರುತ್ತೇವೆ. ಕೇಳಿದ್ದನ್ನು ಮಾಡಿದವರ ಉಪಯೋಗಕ್ಕೆ ಬರುವಂತೆ ಹೇಳುವುದನ್ನು ಮಾತ್ರ ಕಲಿಯಬೇಕು.

ಹಂತ 1: ಮೊದಲು ಮಾಡಿದವರನ್ನೇ ವಿಚಾರಿಸಿ. ಇದು ಮುಗಿದಿದೆಯಾ, ಅರ್ಧದಲ್ಲಿದೆಯಾ? ಹೆಡ್‌ಫೋನಿಗೋ, ಕುಣಿತಕ್ಕೋ? ಕಟ್ಟಿದ ರೀತಿಯ ಬಗ್ಗೆ ಹೇಳಬೇಕೋ, ಮಿಕ್ಸ್ (ಸದ್ದುಗಳನ್ನು ಬೆರೆಸಿ ಹದ ಮಾಡಿದ ರೀತಿ) ಬಗ್ಗೆಯೋ? ಇಷ್ಟು ಸಾಕು.

ಹಂತ 2: ಸರಿಯಾದ ಫೈಲ್ ತರಿಸಿಕೊಳ್ಳಿ. ಸಿಡಿ ಗುಣಮಟ್ಟದ, ಸದ್ದು ಕುಗ್ಗಿಸದ ವೇವ್ (WAV) ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. 20 ನಿಮಿಷಕ್ಕೆ 200 ಎಂಬಿ. ಡ್ರೈವ್ ಲಿಂಕ್ ಕೇಳಿ. ನೆಟ್ ಕಷ್ಟ ಇದ್ದರೆ 320 ಕೆಬಿಪಿಎಸ್ ಎಂಪಿ3 ನಡೆಯುತ್ತದೆ. ವಾಟ್ಸಾಪ್‌ನ ವಾಯ್ಸ್ ಮೆಸೇಜ್ ಮಾತ್ರ ಬೇಡವೇ ಬೇಡ. ಅದು ಮಾತಿಗಾಗಿ ಕುಗ್ಗಿಸಿದ ಸದ್ದು.

ಹಂತ 3: ಕಿವಿಗೆ ಜಾಗ ಮಾಡಿಕೊಡಿ. ಫೋನಿನ ಸ್ಪೀಕರಿನಲ್ಲಿ 50-60 ಹರ್ಟ್ಸ್‌ನ ಬೇಸ್ ಕೇಳುವುದೇ ಇಲ್ಲ (ಹರ್ಟ್ಸ್ ಕಡಿಮೆಯಾದಷ್ಟೂ ಸದ್ದು ಆಳ). ಅದರಲ್ಲಿ ಕೇಳಿ “ಬೇಸ್ ಕಡಿಮೆ” ಅನ್ನುವವರು ಜಾಸ್ತಿ. ‘ಎಕ್ಸ್‌ಟ್ರಾ ಬೇಸ್’ ಎಂದು ಬರೆದಿರುವ ಅಗ್ಗದ ಬ್ಲೂಟೂತ್ ಡಬ್ಬಿಗಳು ಇನ್ನೂ ಕೆಟ್ಟವು. ಯಾವ ಹಾಡು ಹಾಕಿದರೂ ಒಂದೇ ಥರ ಗುಮ್ಮುತ್ತವೆ. ಸಾದಾ ವೈರ್ ಇರುವ ಹೆಡ್‌ಫೋನ್ ತೊಗೊಳ್ಳಿ. ಫೋನಿನಲ್ಲಿ ಸದ್ದು ಬದಲಿಸುವ ಡಾಲ್ಬಿ, ಈಕ್ವಲೈಸರ್ ಆಫ್ ಮಾಡಿ. ರಾಯಚೂರಿನ ಮೇ ತಿಂಗಳಲ್ಲಿ ಫ್ಯಾನ್ ಇಲ್ಲದೆ ಕೂರುವುದು ಕಷ್ಟ, ನಿಜ. ಆದರೆ ಇಂಥ ಕೃತಿಗಳ ಮೆಲ್ಲನೆಯ ಆರಂಭ ಫ್ಯಾನ್ ಸದ್ದಿನಲ್ಲೇ ಮುಳುಗಿಹೋಗುತ್ತದೆ. ಬೆಳಗಿನ ಜಾವ ಎದ್ದು, ಫ್ಯಾನ್ ಆಫ್ ಮಾಡಿ ಕೇಳಿ.

ಹಂತ 4: ಒಂದು ಸಲ ಪೂರ್ತಿ ಕೇಳಿ. ನಿಲ್ಲಿಸಬಾರದು, ಹಿಂದೆ ಮುಂದೆ ಓಡಿಸಬಾರದು, ಬರೆಯಬಾರದು. ಮುಗಿದ ಮೇಲೆ ನೆನಪಿನಲ್ಲಿ ಉಳಿದದ್ದನ್ನು ನಾಲ್ಕು ಸಾಲು ಬರೆದಿಡಿ.

ಹಂತ 5: ಎರಡನೇ ಸಲ, ಪೆನ್ಸಿಲ್ ಹಿಡಿದು. ಹೆಚ್ಚಿನವರು ಎಡವುವುದು ಇಲ್ಲೇ. ಸಮಯ ನೀಡಿ.

ಕಾಗದದ ಮೇಲೆ ಉದ್ದಕ್ಕೆ ಗೆರೆ ಎಳೆದು ನಿಮಿಷಗಳ ಗುರುತು ಹಾಕಿ. ಕಿವಿ ನಿಮಿರಿದ ಕಡೆ ಒಂದು ಗುರುತು, ಮನಸ್ಸು ಬೇರೆಲ್ಲೋ ಹೋದ ಕಡೆ ಇನ್ನೊಂದು. ಸದ್ಯಕ್ಕೆ ಕಾರಣ ಹುಡುಕಬೇಡಿ.

ಆಮೇಲೆ ಗಮನ ತಪ್ಪಿದ ಒಂದೊಂದು ಜಾಗಕ್ಕೂ ವಾಪಸ್ ಹೋಗಿ. ಉದ್ದನೆಯ ಕೃತಿಯಲ್ಲಿ ತೊಂದರೆ ಕಾಣುವುದು ಒಂದು ಕಡೆ, ಅದರ ಬೇರು ಇರುವುದು ಹಿಂದೆ ಎಲ್ಲೋ. 11ನೇ ನಿಮಿಷದಲ್ಲಿ ದೊಡ್ಡ ಡ್ರಾಪ್ (ಏರಿಸುತ್ತಾ ಬಂದು ತಾಳ, ಬೇಸ್ ಒಟ್ಟಿಗೆ ಅಪ್ಪಳಿಸುವ ಜಾಗ) ಬರುತ್ತದೆ, ಆದರೆ ಎದೆಗೆ ತಾಕುವುದಿಲ್ಲ ಅಂತಿಟ್ಟುಕೊಳ್ಳಿ. ಎಲ್ಲರೂ ಕೊಡುವ ಸಲಹೆ: “ಕಿಕ್ ಜೋರು ಮಾಡು.” ಕಿಕ್ ಅಂದರೆ ತಾಳ ಹಿಡಿಯುವ ದಪ್ಪ ಡ್ರಮ್ ಬಡಿತ. ನೀವು 8ನೇ ನಿಮಿಷದಿಂದ ಕೇಳಿ ನೋಡಿ. ಬೇಸ್ ಒಂದು ಕ್ಷಣವೂ ನಿಂತಿರುವುದಿಲ್ಲ. ನಾದದ ಹೊಳಪನ್ನು ತಡೆಹಿಡಿಯುವ ಫಿಲ್ಟರ್ ಒಂಬತ್ತೂವರೆ ನಿಮಿಷಕ್ಕೇ ಪೂರ್ತಿ ತೆರೆದುಕೊಂಡಿರುತ್ತದೆ. ಡ್ರಾಪ್ ಬರುವಷ್ಟರಲ್ಲಿ ಕಿವಿಗೆ ಕೊಡಲು ಹೊಸದೇನೂ ಉಳಿದಿಲ್ಲ. ಕಿಕ್ ಎಷ್ಟು ಜೋರು ಮಾಡಿದರೂ ಇದು ಸರಿಹೋಗದು.

ಹಾಗಾಗಿ ಪ್ರತಿ ಗುರುತಿಗೂ ಎರಡು ಮೂರು ನಿಮಿಷ ಹಿಂದಿನಿಂದ ಕೇಳುತ್ತಾ, ಏನು ಬದಲಾಗುತ್ತಿಲ್ಲ ಎಂದು ನೋಡಿ. ಲಯ, ಬೇಸ್, ನಾದದ ಬಣ್ಣ, ಜೋರು-ಮೆಲ್ಲಗೆ, ಎಡ-ಬಲದ ಹರವು. ಇವೆಲ್ಲ ಬಹಳ ಹೊತ್ತು ಬದಲಾಗದೆ ಒಟ್ಟಿಗೆ ಹಾಗೇ ಉಳಿದರೆ ಕಿವಿ ಕೇಳುವುದನ್ನೇ ಬಿಡುತ್ತದೆ.

ಹಾಗಂತ ಒಂದೇ ಲೂಪ್ (ಸದ್ದಿನ ತುಣುಕು) ತಿರುತಿರುಗಿ ಬಂದರೆ ಅದೇ ತಪ್ಪು ಅನ್ನಬೇಡಿ. ಈ ಸಂಗೀತ ನಿಂತಿರುವುದೇ ಅದರ ಮೇಲೆ. ನಿಧಾನವಾಗಿ ಬದಲಾಗುವುದು ಬೇರೆ, ಬದಲಾಗದೇ ಇರುವುದು ಬೇರೆ. ಪರೀಕ್ಷೆ ಸುಲಭ. ಆ ಭಾಗದ ಆರಂಭದ 10 ಸೆಕೆಂಡ್ ಕೇಳಿ, ಕೂಡಲೇ ಕೊನೆಯ 10 ಸೆಕೆಂಡಿಗೆ ಜಿಗಿಯಿರಿ. ಎರಡೂ ಬೇರೆ ಅನಿಸಿದರೆ ಸಂಗೀತ ನಡೆಯುತ್ತಿತ್ತು, ನೀವು ಇನ್ನೊಮ್ಮೆ ತಾಳ್ಮೆಯಿಂದ ಕೇಳಬೇಕು. ಒಂದೇ ಅನಿಸಿದರೆ ಬರೆದುಕೊಳ್ಳಿ.

ಬರೆಯುವ ರೀತಿ ಹೀಗಿರಲಿ: “7:10ಕ್ಕೆ ಹೊಲಿಗೆ ಮಷಿನ್ ಲೂಪ್ ಬಂದಾಗ ನೆಟ್ಟಗೆ ಕೂತೆ. 8:20ರ ಮೇಲೆ ಬೇರೆ ಯೋಚನೆ ಬಂತು. 8:20 ಮತ್ತು 9:20 ಹಾಕಿ ನೋಡಿದೆ, ಎರಡೂ ಒಂದೇ ಥರ ಕೇಳಿದವು. ಬೇಕಂತಲೇ ಹಾಗೆ ಬಿಟ್ಟಿದ್ದಾ?” ಹೊತ್ತು, ಕೇಳಿದ್ದು, ನಿಮಗೆ ಆದದ್ದು, ಕೊನೆಗೆ ಒಂದು ಪ್ರಶ್ನೆ. ಆ ಪ್ರಶ್ನೆ ಬಿಡಲೇಬಾರದು. ಅವರ ಲೆಕ್ಕಾಚಾರ ನಿಮಗೆ ಕಾಣದೇ ಇರಬಹುದು, ಅಲ್ವಾ? “ನಾನಾಗಿದ್ರೆ ಇಲ್ಲಿ ಕೊಳಲು ಹಾಕ್ತಿದ್ದೆ” ಅನ್ನುವ ಮಾತು ಬೇಡ. ಅದು ನಿಮ್ಮ ಕೃತಿ ಆಗುತ್ತದೆ.

ಚೆನ್ನಾಗಿರುವ ಜಾಗಗಳಿಗೂ ಹೊತ್ತು ಬರೆಯಿರಿ, ಕಾರಣ ಸಮೇತ. ಬರೀ ಕುಂದು ಕೇಳಿದವರು ತಿದ್ದುವಾಗ ಒಳ್ಳೆಯದನ್ನೂ ಕಿತ್ತುಹಾಕುತ್ತಾರೆ. ಇದು ತುಂಬಾ ಸಲ ಆಗುವುದನ್ನು ನೋಡಿದ್ದೇನೆ, ನೋಡಿ ಸಂಕಟವಾಗುತ್ತದೆ.

ಅಡ್ಡದಾರಿಗಳ ಬಗ್ಗೆ ಒಂದು ಮಾತು. ಕೆಲವರು ಪರದೆಯ ಮೇಲಿನ ವೇವ್‌ಫಾರ್ಮ್ ಚಿತ್ರ (ಸದ್ದಿನ ಏರಿಳಿತದ ಗೆರೆ) ನೋಡಿಯೇ “ಎಲ್ಲಾ ಒಂದೇ ಥರ ಐತಿ” ಅನ್ನುತ್ತಾರೆ. ಕೊನೆಯ ಹದ ಕೊಡುವಾಗ (ಮಾಸ್ಟರಿಂಗ್) ಜೋರು ಮಾಡಿದ ಯಾವ ಕೃತಿಯಾದರೂ ಹಾಗೇ ಇಟ್ಟಿಗೆಯಂತೆ ಕಾಣುತ್ತದೆ. ಒಳಗೆ ಏನಿದೆ ಎಂದು ಅದು ಹೇಳುವುದಿಲ್ಲ. ಹಾಡಿಗೆ ಅಂಕ ಕೊಡುವ ಆ್ಯಪ್‌ಗಳನ್ನೂ ದೂರ ಇಡಿ. ನಿಮ್ಮ ಗಮನ ಎಲ್ಲಿ ತಪ್ಪಿತು ಎಂದು ಅವಕ್ಕೆ ಗೊತ್ತಾಗದು.

ಹಂತ 6: ಮಿಕ್ಸ್. ಅವರು ಅದರ ಬಗ್ಗೆ ಅಭಿಪ್ರಾಯ ಕೇಳಿದ್ದರೆ ಮಾತ್ರ ಹೇಳಿ, ಬೇರೆ ಹಾಳೆಯಲ್ಲಿ. 200-400 ಹರ್ಟ್ಸ್ ಹತ್ತಿರ ಸದ್ದು ಕಲಸಿಹೋಗುತ್ತದೆಯಾ, 3 ಕಿಲೋಹರ್ಟ್ಸ್ ಸುತ್ತ ಕಿವಿ ಚುಚ್ಚುತ್ತದೆಯಾ, ಎಡ-ಬಲ ಎರಡನ್ನೂ ಒಂದಾಗಿಸಿದ ಮೋನೋದಲ್ಲಿ ಏನಾದರೂ ಮಾಯವಾಗುತ್ತದೆಯಾ ನೋಡಿ.

ಹಂತ 7: ಹೇಳುವುದು. ಗ್ರೂಪಿನಲ್ಲಿ ಎಲ್ಲರ ಮುಂದೆ ಬೇಡ. ಬರೆದದ್ದನ್ನು ಕಳಿಸಿ, ಆಮೇಲೆ ಎದುರಿಗೆ ಕೂತು ಮಾತಾಡಿ. ಗುರುತುಗಳು ಎಷ್ಟೇ ಇರಲಿ, ದೊಡ್ಡವು ಮೂರನ್ನು ಆರಿಸಿ. “ತಮ್ಮಾ, 8:20ರ ಹತ್ರ ನನ್ನ ಲಕ್ಷ್ಯ ಹೋತು. ಅಲ್ಲಿ ಏನ್ ಮಾಡಾಕ ಹೊಂಟಿದ್ದಿ?” ಎಂದು ಕೇಳಿ, ಸುಮ್ಮನಿರಿ. ಹುಡುಗ ವಿವರಿಸುತ್ತಾ ಹೋದಂತೆ ದಾರಿ ಅವನಿಗೇ ಹೊಳೆಯುವುದುಂಟು.

ಹಂತ 8: ತಿದ್ದಿದ್ದು ಬಂದಾಗ. ಹಳೆಯದನ್ನೂ ಹೊಸದನ್ನೂ ಒಂದೇ ಜೋರಿಗೆ ತಂದುಕೊಂಡೇ ಹೋಲಿಸಿ. ಒಂದೆರಡು ಡೆಸಿಬೆಲ್ ಜಾಸ್ತಿ ಇದ್ದರೂ ಸಾಕು, ಅದೇ ಚೆನ್ನಾಗಿದೆ ಅನಿಸಿಬಿಡುತ್ತದೆ. ಬದಲಾದ ಜಾಗಕ್ಕೆ ನೇರವಾಗಿ ಜಿಗಿಯದೆ, ಅದಕ್ಕಿಂತ ಮೂರು ನಿಮಿಷ ಹಿಂದಿನಿಂದ ಕೇಳಿ. ಮರುದಿನ ಮತ್ತೊಮ್ಮೆ ಮೊದಲಿಂದ ಕೊನೆಯ ತನಕ ಪೂರ್ತಿ ಕೇಳಿ. ಎಂಟನೇ ನಿಮಿಷದ ತಿದ್ದುಪಡಿ ಹದಿನೈದನೇ ನಿಮಿಷವನ್ನು ಬದಲಿಸಿರುತ್ತದೆ. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ತಿಳಿಸಿ.