ಒಂದು ಮಿಲಿಮೀಟರನ್ನು ನಾನು ನಂಬುವುದಿಲ್ಲ

ವಸಡಿನ ಕಾಯಿಲೆಯಲ್ಲಿ ಹಲ್ಲಿಗೂ ವಸಡಿಗೂ ನಡುವೆ ಆಗುವ ಸಂದಿಗೆ ಪಾಕೆಟ್ ಎನ್ನುತ್ತೇವೆ. ಅದರ ಆಳ ನೋಡಲು ಒಳಗೆ ಇಳಿಸುವ, ಮಿಲಿಮೀಟರ್ ಗೆರೆಗಳಿರುವ ತೆಳ್ಳಗಿನ ಕಡ್ಡಿಯೇ ಪ್ರೋಬ್. ಉಡುಪಿಯ ನಮ್ಮ ದಂತ ಕ್ಲಿನಿಕ್ಕಿನಲ್ಲಿ ಮೊದಲು ಎರಡು ಬಗೆಯ ಪ್ರೋಬ್ ಇದ್ದವು, ವಿಲಿಯಮ್ಸ್ ಮತ್ತು ಯುಎನ್‌ಸಿ-15. ವಿಲಿಯಮ್ಸ್‌ನಲ್ಲಿ 4 ಮತ್ತು 6 ಮಿ.ಮೀ.ಗೆ ಗೆರೆಯೇ ಇಲ್ಲ. ವಸಡಿನ ಕಾಯಿಲೆಯಲ್ಲಿ ನಾವು ತಲೆ ಕೆಡಿಸಿಕೊಳ್ಳುವುದೋ ಸರಿಯಾಗಿ 4, 5, 6ರ ಹತ್ತಿರ! ಯುಎನ್‌ಸಿಯಲ್ಲಿ 15ರ ತನಕ ಪ್ರತಿ ಮಿಲಿಮೀಟರಿಗೂ ಗೆರೆ ಇದೆ. ಈಗ ಅದೊಂದೇ.

ಹೊಸ ಪ್ರೋಬ್ ಬಂದರೆ ತುದಿಯಿಂದ 5 ಮತ್ತು 10ರ ಗೆರೆಗಳವರೆಗೆ ಡಿಜಿಟಲ್ ವರ್ನಿಯರಿನಲ್ಲಿ (ಸೂಕ್ಷ್ಮ ಅಳತೆಯ ಸಾಧನ) ಅಳೆದು ನೋಡುತ್ತೇನೆ. ಎಲ್ಲ ಒಂದೇ ಸಮ ಇರುವುದಿಲ್ಲ. ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೊಕ್ಲೇವಿಗೆ ಹಾಕಿ ಹಾಕಿ ಕಪ್ಪು ಪಟ್ಟಿ ಮಾಸಿದ್ದನ್ನು ತೆಗೆದುಬಿಡುತ್ತೇನೆ.

ಆದರೆ ಗೆರೆಗಿಂತ ದೊಡ್ಡ ತೊಂದರೆ ಕೈಯದ್ದು. ಒತ್ತುವ ಬಲ 25 ಗ್ರಾಂ ತೂಕದಷ್ಟಿದ್ದರೆ ಸಾಕು. ಅದು ಎಷ್ಟು ಹಗುರ ಎಂದು ಪುಸ್ತಕ ಓದಿದರೆ ಗೊತ್ತಾಗುವುದಿಲ್ಲ. ಚಿನ್ನ ತೂಗುವಂಥ ಸಣ್ಣ ತಕ್ಕಡಿ ತಂದು, ಅದರ ಮೇಲೆ ಪ್ರೋಬಿನ ತುದಿ ಊರಿ ಅಭ್ಯಾಸ ಮಾಡಿದೆ. ಸಂಜೆ ಹೊತ್ತಿಗೆ ಕೈ ತಾನಾಗಿ ಭಾರವಾಗುತ್ತದೆ. ಹಾಗಾಗಿ ಪೂರ್ತಿ ಬಾಯಿಯ ಚಾರ್ಟಿಂಗ್, ಅಂದರೆ ಎಲ್ಲ ಹಲ್ಲುಗಳ ಆಳ ಅಳೆದು ಬರೆಯುವುದು, ಬೆಳಿಗ್ಗೆಯೇ.

ಮಲ್ಪೆ ಕಡೆಯ ಒಬ್ಬರು ಸ್ಕೇಲಿಂಗ್ (ಹಲ್ಲಿನ ಕ್ಲೀನಿಂಗ್) ಆದ ಮೇಲೆ ತಪಾಸಣೆಗೆ ಬಂದಾಗ ಕೇಳಿದರು: "ಡಾಕ್ಟ್ರೇ, ಕಳೆದ ಸಲ ಆರು ಹೇಳಿದ್ರಿ, ಈಗ ನಾಲ್ಕು. ಮಾಂಸ ಬೆಳ್ದದ್ದಾ?" ಒಳ್ಳೆಯ ಪ್ರಶ್ನೆ. ವಸಡು ಉರಿಯೂತದಿಂದ ಮೆತ್ತಗಾಗಿದ್ದರೆ ಪ್ರೋಬಿನ ತುದಿ ಪಾಕೆಟ್ಟಿನ ತಳದಲ್ಲಿ ನಿಲ್ಲದೆ ಒಳಗಿನ ಅಂಗಾಂಶಕ್ಕೇ ನುಗ್ಗುತ್ತದೆ. ವಸಡು ಗಟ್ಟಿಯಾದ ಮೇಲೆ ಅದೇ ಬಲಕ್ಕೆ ಮೇಲೆಯೇ ನಿಲ್ಲುತ್ತದೆ. ಊತ ಇಳಿದು ವಸಡಿನ ಅಂಚೂ ಕೆಳಗೆ ಸರಿದಿರುತ್ತದೆ. ಅಂಚು ಸರಿದದ್ದನ್ನು ಬೇರೆಯೇ ಅಳೆದು ಬರೆಯದಿದ್ದರೆ ಆರು ನಾಲ್ಕಾದದ್ದರ ಅರ್ಥ ಅರ್ಧವೂ ಸಿಗುವುದಿಲ್ಲ. "ಬೆಳ್ದದ್ದಲ್ಲ, ಬಿಗಿ ಆದದ್ದು" ಎಂದೆ. ಅವರಿಗೆ ಅಷ್ಟೇ ಬೇಕಿತ್ತು.

ಹಲ್ಲಿನ ಮೇಲೆ ಗಟ್ಟಿಯಾದ ಪಾಚಿ ದಪ್ಪಕ್ಕೆ ಕಟ್ಟಿದಲ್ಲಿ ಇದರ ಉಲ್ಟಾ. ತುದಿ ಅದಕ್ಕೇ ತಾಗಿ ನಿಂತು ಆಳ ಕಡಿಮೆ ತೋರಿಸುತ್ತದೆ. ಅದಕ್ಕೆ ಅಂಥವರಲ್ಲಿ ಕ್ಲೀನಿಂಗಿಗೆ ಮೊದಲಿನ ಅಂಕಿಯನ್ನು ನಾನು ಪೆನ್ಸಿಲಿನಲ್ಲಿ ಬರೆಯುತ್ತೇನೆ. ಬೀಡಿ ಸೇದುವವರಲ್ಲಿ ಉರಿಯೂತ ಇದ್ದರೂ ಪ್ರೋಬ್ ತಾಗಿದಾಗ ರಕ್ತ ಒಸರುವುದು ಕಡಿಮೆ. ರಕ್ತ ಬರಲಿಲ್ಲವೆಂದು ಸಮಾಧಾನ ಪಡುವಂತಿಲ್ಲ.

ಬಲವನ್ನು ತಾನೇ ಸಮನಾಗಿ ಇಡುವ ಎಲೆಕ್ಟ್ರಾನಿಕ್ ಪ್ರೋಬುಗಳಿವೆ. ಫ್ಲೋರಿಡಾ ಪ್ರೋಬ್ 0.2 ಮಿ.ಮೀ.ವರೆಗೂ ಓದುತ್ತದೆ. ನಾನು ಕೊಂಡಿಲ್ಲ. ಓರೆ ಹಿಡಿದರೆ ಅದೂ ಓರೆಯನ್ನೇ ಅಳೆಯುತ್ತದೆ, ಪಾಚಿಗೆ ಅದೂ ತಡೆಯುತ್ತದೆ.

ಕೈಯಲ್ಲಿ ಅಳೆದದ್ದರಲ್ಲಿ 1 ಮಿ.ಮೀ. ಆಚೀಚೆ ಸಹಜ. ಅದೇ ಜಾಗದಲ್ಲಿ 2 ಮಿ.ಮೀ. ಹೆಚ್ಚಾಗಿದ್ದರೆ ಮಾತ್ರ ಕಾಯಿಲೆ ಮುಂದುವರಿದಿದೆಯೇ ಎಂದು ಯೋಚಿಸುತ್ತೇನೆ, ಅದೂ ಪ್ರೋಬ್ ತೆಗೆದು ಇನ್ನೊಮ್ಮೆ ಅಳೆದು. ಕಾರ್ಡಿನ ಮೂಲೆಯಲ್ಲಿ ಯಾವ ಪ್ರೋಬ್, ಯಾರ ಕೈ ಎಂದು ಬರೆದಿಡುತ್ತೇನೆ. ಸಹಾಯಕ ಡಾಕ್ಟರ್ ಅಳೆದದ್ದನ್ನು ನನ್ನ ಅಂಕಿಯ ಪಕ್ಕ ಇಟ್ಟು ಹೋಲಿಸುವುದಿಲ್ಲ.