ಮುಚ್ಚದ ಕಣ್ಣನ್ನು ಉಳಿಸಿಕೊಳ್ಳುವುದು ಹೇಗೆ?

ಮುಖಕ್ಕೆ ಲಕ್ವ ಹೊಡೆದರೆ ಮನೆಮಂದಿಯ ಕಣ್ಣೆಲ್ಲ ಸೊಟ್ಟಗಾದ ಬಾಯಿಯ ಮೇಲೆ. ನಾಟಿ ವೈದ್ಯರೂ ಅಲ್ಲಿಗೇ ಎಣ್ಣೆ ತಿಕ್ಕುತ್ತಾರೆ. ಸೊಟ್ಟ ಬಾಯಿಯಿಂದ ಯಾರ ದೃಷ್ಟಿಯೂ ಹೋಗುವುದಿಲ್ಲ, ಮುಚ್ಚದ ಕಣ್ಣಿನಿಂದ ಹೋಗುತ್ತದೆ. ಕಣ್ಣಿನ ಮೇಲೆ ಹತ್ತಿಯ ಉಂಡೆ ಇಟ್ಟು, ಪ್ಲಾಸ್ಟರ್ ಮೆತ್ತಿಕೊಂಡು ಬೇಲೂರು, ಅರಸೀಕೆರೆ ಕಡೆಯಿಂದ ಹಾಸನಕ್ಕೆ ಬರುವವರನ್ನು ನೋಡಿ ನೋಡಿ ಇಷ್ಟನ್ನು ಬರೆಯಬೇಕೆನಿಸಿತು.

ರೆಪ್ಪೆಯನ್ನು ಎತ್ತುವ ಸ್ನಾಯುವಿಗೆ ಮಿದುಳಿನಿಂದ ಬರುವುದು 3ನೇ ನರ, ಮುಚ್ಚುವ ಸ್ನಾಯುವಿಗೆ 7ನೇ ನರ. ಮುಖದ ಲಕ್ವದಲ್ಲಿ ಕೈಕೊಡುವುದು 7ನೆಯದು ಮಾತ್ರ. ಹಾಗಾಗಿ ರೆಪ್ಪೆ ಏಳುತ್ತದೆ, ಪೂರ್ತಿ ಇಳಿಯುವುದಿಲ್ಲ. ಕಣ್ಣೀರನ್ನು ಒರೆಸಿ ಹರಡುವವರಿಲ್ಲದೆ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಒಣಗಿ ಹುಣ್ಣಾಗುತ್ತದೆ.

ಮೊದಲ ಕೆಲಸ, ವೈದ್ಯರ ಬಳಿ ಹೋಗುವುದು. ಜೊತೆಗೆ ಕೈಕಾಲು ಸೋತಿದ್ದರೆ, ಮಾತು ತೊದಲಿದರೆ ಅದು ಮಿದುಳಿನ ಆಘಾತ (ಸ್ಟ್ರೋಕ್) ಇರಬಹುದು. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಬರೀ ಮುಖದ ನರದ ಊತವಾದರೂ ಸ್ಟೀರಾಯ್ಡ್ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಲಾಭ. ಮಾತ್ರೆ ಬೇರೆ, ಹನಿ ಬೇರೆ: ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಕಣ್ಣಿನ ಹುಣ್ಣನ್ನು ಕೆರಳಿಸುತ್ತದೆ.

ಹಗಲಿಗೆ ಕೃತಕ ಕಣ್ಣೀರಿನ ಹನಿ, ಒಂದೆರಡು ಗಂಟೆಗೊಮ್ಮೆ. ಇಷ್ಟು ಸಲ ಹಾಕುವುದಿದ್ದರೆ ಸಂರಕ್ಷಕ ರಾಸಾಯನಿಕ ಇಲ್ಲದ್ದನ್ನೇ ಕೇಳಿ. ಕೆಂಪು ಹೋಗಲಾಡಿಸುವ ಹನಿ ಬೇಡ. ನಂದಿಬಟ್ಟಲು ಹೂವಿನ ರಸವೂ ಬೇಡ. ಅಜ್ಜಿಯ ಕಾಲದ್ದೆಂಬ ಗೌರವ ಇರಲಿ, ಹೂವು ದೇವರ ತಲೆಯ ಮೇಲಿರಲಿ. ಕಾಫಿ ಕಣದ ದೂಳಿನಲ್ಲಿ ಕೆಲಸ ಮಾಡುವವರಿಗೆ ಬದಿ ಮುಚ್ಚುವ ಕನ್ನಡಕ ಕಡ್ಡಾಯ.

ಎಲ್ಲರೂ ಎಡವುವುದು ರಾತ್ರಿ. ಹತ್ತಿ ಅಥವಾ ಬಟ್ಟೆಯ ತುಂಡಿಟ್ಟು ಕಟ್ಟಿದರೆ ಅದರ ಅಡಿಯಲ್ಲಿ ಕಣ್ಣು ತೆರೆದೇ ಇರುತ್ತದೆ. ಆಮೇಲೆ ಬೆಳಗಾಗುವವರೆಗೂ ಆ ಬಟ್ಟೆ ಕಾರ್ನಿಯಾವನ್ನು ಉಜ್ಜುತ್ತದೆ. ಎಲಾಸ್ಟಿಕ್ ಹಾಕಿ ಮಾರುವ ಕರಿ ಕಣ್ಣುಪಟ್ಟಿಯ ಹಣೆಬರಹವೂ ಇದೇ. ಬೇಕಾದದ್ದು ಒಂದಿಂಚು ಅಗಲದ ಕಾಗದದ ಟೇಪು, ಮೈಕ್ರೋಪೋರ್ ತರಹದ್ದು. ಗಾಯಕ್ಕೆ ಹಾಕುವ ಬಟ್ಟೆ ಪ್ಲಾಸ್ಟರ್ ತಂದರೆ ರೆಪ್ಪೆಯ ಚರ್ಮವೇ ಕಿತ್ತುಬರುತ್ತದೆ.

ಕೈ ತೊಳೆಯಿರಿ. ತಲೆಗೆ ಎಣ್ಣೆ ಹಚ್ಚಿದ್ದರೆ ಹಣೆ, ಕೆನ್ನೆಯನ್ನು ಒರೆಸಿ, ಇಲ್ಲವಾದರೆ ಟೇಪು ನಡುರಾತ್ರಿ ಜಾರುತ್ತದೆ. ಕೆಳರೆಪ್ಪೆಯನ್ನು ಜಗ್ಗಿ ಒಳಗೆ ಕಣ್ಣು ಒಣಗದಂತೆ ಕಾಯುವ ಕಣ್ಣಿನ ಮುಲಾಮನ್ನು ಅಕ್ಕಿಕಾಳಿನಷ್ಟು ಬಿಡಿ, ಹೊರಗೆ ಮೆತ್ತಿದ್ದನ್ನು ತೆಗೆಯಿರಿ. ಈಗ ರೋಗಿಗೆ ‘ಕಣ್ಣು ಮುಚ್ಚಿ’ ಎನ್ನಬೇಡಿ, ‘ನಿಮ್ಮ ಕಾಲ್ಬೆರಳು ನೋಡಿ’ ಎನ್ನಿ. ನೋಟ ಕೆಳಗಿಳಿದಾಗ ಎತ್ತುವ ಸ್ನಾಯು ಸಡಿಲಗೊಂಡು ರೆಪ್ಪೆ ತಾನಾಗಿ ಅರ್ಧ ಇಳಿಯುತ್ತದೆ. ಉಳಿದದ್ದನ್ನು ತೋರುಬೆರಳ ಹಿಂಬದಿಯಿಂದ ಮೆಲ್ಲಗೆ ಇಳಿಸಿ, ಹಿಡಿದುಕೊಳ್ಳಿ. ಮೇಲ್ರೆಪ್ಪೆಯ ನಡುವಿನಿಂದ ಕೆನ್ನೆಮೂಳೆಯ ಕಡೆಗೆ ಓರೆಯಾಗಿ ಟೇಪು ಅಂಟಿಸಿ. ಕೆಳರೆಪ್ಪೆ ಜೋತುಬಿದ್ದಿದ್ದರೆ ಅದರ ಅಡಿಯಿಂದ ಕಿವಿಯ ಮೇಲ್ಭಾಗದತ್ತ ಎತ್ತಿ ಇನ್ನೊಂದು ತುಂಡು ಹಾಕಿ. ಇಷ್ಟಾದ ಮೇಲೆ ಬದಿಯಿಂದ ಟಾರ್ಚ್ ಹಿಡಿದು ನೋಡಿ. ರೆಪ್ಪೆಗಳ ನಡುವೆ ಕಣ್ಣಿನ ಬಿಳಿಗೆರೆಯೊಂದು ಕಂಡರೂ ಕಿತ್ತು ಮತ್ತೆ ಅಂಟಿಸಿ. ‘ಇವತ್ತೊಂದು ರಾತ್ರಿ ಇರಲಿ’ ಎಂಬ ಉದಾಸೀನಕ್ಕೆ ಇಲ್ಲಿ ಜಾಗವಿಲ್ಲ. ಬೆಳಿಗ್ಗೆ ಟೇಪನ್ನು ನೀರಿನಲ್ಲಿ ನೆನೆಸಿ ಬಿಡಿಸಿ.

ಬಹಳ ಮಂದಿಗೆ ಕೆಲವು ವಾರ, ತಿಂಗಳಲ್ಲಿ ನರ ಚೇತರಿಸಿಕೊಳ್ಳುತ್ತದೆ. ಚೇತರಿಸಿಕೊಳ್ಳದಿದ್ದರೆ, ಗೆಡ್ಡೆಯ ಆಪರೇಷನ್ನಿನಲ್ಲಿ ನರ ತುಂಡಾಗಿದ್ದರೆ ಅಥವಾ ಹಸಿರಾಗಿ ಹೊಳೆಯುವ ಬಣ್ಣ ಹಾಕಿ ನೋಡಿದಾಗ ಕಾರ್ನಿಯಾದಲ್ಲಿ ಗಾಯ ಕಂಡರೆ ವೈದ್ಯರು ರೆಪ್ಪೆಯ ಶಸ್ತ್ರಚಿಕಿತ್ಸೆಯ ಮಾತೆತ್ತುತ್ತಾರೆ. ಕಾರ್ನಿಯಾದ ಸ್ಪರ್ಶಜ್ಞಾನವೂ ಹೋಗಿದ್ದರಂತೂ ಮುಂದೂಡಬೇಡಿ. ಹುಣ್ಣಾದರೂ ನೋವು ತಿಳಿಯುವುದಿಲ್ಲ.

‘ಕಣ್ಣು ಹೊಲಿಯುತ್ತಾರೆ’ ಎಂದ ಕೂಡಲೇ ಊರಿಗೆ ಓಡಿಹೋಗುವವರಿದ್ದಾರೆ. ಸಾಮಾನ್ಯವಾಗಿ ಹೊಲಿಯುವುದು ಎರಡೂ ರೆಪ್ಪೆಗಳ ಹೊರತುದಿಯನ್ನು ಮಾತ್ರ. ಕಣ್ಣು ಕಿರಿದಾಗುತ್ತದೆ, ನೋಟ ಉಳಿಯುತ್ತದೆ, ಬೇಡವಾದಾಗ ಬಿಚ್ಚಬಹುದು. ಲಕ್ವ ಉಳಿದುಬಿಡುವಂತಿದ್ದರೆ ನನ್ನ ಒಲವು ಎರಡನೆಯ ದಾರಿಗೆ: ಮೇಲ್ರೆಪ್ಪೆಯೊಳಗೆ ಚಿನ್ನದ ಅಥವಾ ಪ್ಲಾಟಿನಂನ ಸಣ್ಣ ತೂಕ ಕೂರಿಸುವುದು. ಸಾಮಾನ್ಯವಾಗಿ ಒಂದು ಗ್ರಾಂನ ಆಸುಪಾಸು. ಮೊದಲು ರೋಗಿಯನ್ನು ಕೂರಿಸಿ, ಬೇರೆ ಬೇರೆ ತೂಕಗಳನ್ನು ರೆಪ್ಪೆಯ ಹೊರಗೆ ಅಂಟಿಸಿ ನೋಡುತ್ತಾರೆ. ಕಣ್ಣು ಮುಚ್ಚಬೇಕು, ತೆರೆದಾಗ ರೆಪ್ಪೆ ಜೋಲಬಾರದು. ಈ ಪರೀಕ್ಷೆಯಲ್ಲಿ ಅವಸರ ಮಾಡುವವರ ಬಳಿ ಮಾಡಿಸಿಕೊಳ್ಳಬೇಡಿ. ಮನೆಯ ಉಂಗುರ ಕರಗಿಸಿ ಹಾಕಿ ಎಂದು ಬಿಚ್ಚಿಕೊಡುವವರೂ ಉಂಟು. ಆಭರಣದ ಚಿನ್ನದಲ್ಲಿ ತಾಮ್ರ ಬೆರೆತಿರುತ್ತದೆ, ದೇಹ ಅದನ್ನು ಸಹಿಸದೆ ಹೋಗಬಹುದು. ಉಂಗುರ ಬೆರಳಿನಲ್ಲೇ ಇರಲಿ. ಜೋತುಬಿದ್ದ ಕೆಳರೆಪ್ಪೆಯನ್ನು ಬಿಗಿಮಾಡುವ ಕೆಲಸವನ್ನೂ ಹಲವೊಮ್ಮೆ ಜೊತೆಗೇ ಮುಗಿಸುತ್ತಾರೆ. ಸಾಮಾನ್ಯವಾಗಿ ಇದಕ್ಕೆಲ್ಲ ಆ ಜಾಗ ಮರಗಟ್ಟಿಸಿದರೆ ಸಾಕು.

ತೂಕವನ್ನು ಇಳಿಸುವುದು ಗುರುತ್ವಾಕರ್ಷಣೆ. ಚಪ್ಪಟೆಯಾಗಿ ಮಲಗಿದರೆ ಅದು ರೆಪ್ಪೆಯನ್ನು ಮುಚ್ಚದೆ ಹೋಗಬಹುದು. ಅದಕ್ಕೇ ಆಪರೇಷನ್ ಆದ ಮೇಲೂ ತಲೆಯ ಕಡೆ ಎರಡು ದಿಂಬು, ರಾತ್ರಿಯ ಮುಲಾಮು ಇರಲಿ. ಎಂಆರ್‌ಐ ಮಾಡಿಸುವಾಗ ರೆಪ್ಪೆಯಲ್ಲಿ ಲೋಹವಿದೆ ಎಂದು ಹೇಳಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡಿ. ಕಣ್ಣು ಕೆಂಪಾದರೆ, ನೋಟ ಮಸುಕಾದರೆ ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಅಂದೇ ತೋರಿಸಿ.